ಬೆಳಗಾವಿ ಮಳೆಗಾಲಕ್ಕೆ ಅನಲಾಗ್ ಕನ್ಸೋಲ್?

ದೊಡ್ಡ ಅನಲಾಗ್ ಮಿಕ್ಸಿಂಗ್ ಕನ್ಸೋಲ್ (ಹಲವು ಮೈಕ್, ವಾದ್ಯಗಳ ದನಿ ಬೆರೆಸಿ ಹದ ಮಾಡುವ ನಾಬ್‌ಗಳ ಮೇಜು) ಇಲ್ಲದ ಸ್ಟುಡಿಯೋದಲ್ಲಿ ಜೀವ ಇರುವ ಸೌಂಡ್ ಬರೋದೇ ಇಲ್ಲ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ ಸರ್. ಎಸ್‌ಎಸ್‌ಎಲ್ 4000 ಅನ್ನೋ ಹೆಸರಾಂತ ಕನ್ಸೋಲ್ ಮುಂದೆ ಕೂತರೆ ಕೆಲಸದ ರೀತಿಯೇ ಬೇರೆ. ಪ್ರತಿ ಚಾನೆಲ್‌ಗೂ (ಅಂದರೆ ಒಂದೊಂದು ದನಿಯ ದಾರಿಗೂ) ಅದರದ್ದೇ ಈಕ್ಯೂ (ಮಂದ್ರ-ತಾರ ಹದ ಮಾಡಲು), ಕಂಪ್ರೆಸರ್ (ಸದ್ದಿನ ಏರಿಳಿತ ತಗ್ಗಿಸಲು), ಗೇಟ್ (ಬೇಡದ ಸಣ್ಣ ಸದ್ದು ತಡೆಯಲು). ಕೈ ನೇರ ನಾಬ್‌ಗೆ ಹೋಗುತ್ತದೆ, ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ.

ಆದರೆ ನೀವು ಹೇಳಿದ ‘ಟೋಟಲ್ ರಿಕಾಲ್ (ಸೆಟ್ಟಿಂಗ್ ನೆನಪಿಡುವ ಸೌಲಭ್ಯ) ಇದೆ, ಬಟನ್ ಒತ್ತಿದರೆ ಹಳೇ ಮಿಕ್ಸ್ ವಾಪಸ್’ ಅನ್ನೋದು ಸರಿಯಲ್ಲ. ನಾಬ್ ಎಲ್ಲಿತ್ತು ಅಂತ ಅದು ಪರದೆ ಮೇಲೆ ತೋರಿಸುತ್ತದೆ, ಅಷ್ಟೇ. ತಿರುಗಿಸಬೇಕಾದವರು ನಾವು, ಒಂದೊಂದಾಗಿ. ಹೊರಗಿನ ರಿವರ್ಬ್ (ದನಿಗೆ ಗುಂಯ್‌ಗುಡುವಿಕೆ ಕೊಡುವ ಸಾಧನ), ಕಂಪ್ರೆಸರ್‌ಗಳ ಸೆಟ್ಟಿಂಗ್ ಅಂತೂ ಹಾಳೆಯಲ್ಲೇ ಬರೆದಿಡಬೇಕು. ಮರುದಿನ ಹಾಡಿದವರು ಫೋನ್ ಮಾಡಿ ‘ಚೌಡಿಕೆ ಸ್ವಲ್ಪ ಏರಸ್ರಿ’ (ಆ ತಂತಿವಾದ್ಯದ ಸದ್ದು ಹೆಚ್ಚಿಸಿ) ಅಂದರೆ ಅರ್ಧ ದಿನ ಹೋಯಿತು!

ಇನ್ನು ಬೆಲೆ ಬಿಡಿ, ಅದರ ಬಿಸಿ ನೋಡಿ. ಎಸಿ ನಿಲ್ಲಿಸುವಂತಿಲ್ಲ. ವರ್ಷಗಟ್ಟಲೆ ಬಿಸಿಗೆ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ (ದ್ರವ ತುಂಬಿದ ಸಣ್ಣ ಬಿಡಿಭಾಗ) ಒಣಗುತ್ತವೆ. ಒಂದು ಚಾನೆಲ್‌ನಲ್ಲಿ ಶುರುವಾದರೆ ಉಳಿದವೂ ಸಾಲಾಗಿ ಬರುತ್ತವೆ. ಬೆಳಗಾವಿ ಮಳೆಗಾಲದ ತೇವಕ್ಕೆ ಪ್ಯಾಚ್‌ಬೇ (ವೈರ್ ಚುಚ್ಚುವ ಜಾಕ್‌ಗಳ ಫಲಕ), ಸ್ವಿಚ್‌ಗಳ ಕಾಂಟ್ಯಾಕ್ಟ್ ಕಪ್ಪಾಗಿ ಕರಕರ ಸದ್ದು. ವಿಜಯಪುರದಲ್ಲಾದರೆ ಫೇಡರ್ (ಸದ್ದು ಏರಿಸಿಳಿಸುವ ಜಾರುಗುಂಡಿ) ಒಳಗೆ ಧೂಳು.

ಟಿಳಕವಾಡಿಯ ನನ್ನ ಸಣ್ಣ ಸ್ಟುಡಿಯೋಗೆ ಬರೋದು ಭಜನೆ ಪದ, ಶ್ರೀಕೃಷ್ಣ ಪಾರಿಜಾತ ಬಯಲಾಟದ ಮೇಳ. ಹಾರ್ಮೋನಿಯಂ, ತಬಲಾ, ತಾಳ, ನಾಲ್ಕು ದನಿ. ಎಂಟು ಒಳ್ಳೆಯ ಪ್ರಿಆಂಪ್ (ಮೈಕ್‌ನ ಸಣ್ಣ ಸಿಗ್ನಲ್ ಏರಿಸುವ ಸಾಧನ) ಸಾಕು. ಸುಮ್ನೆ ನಲವತ್ತೆಂಟು ಚಾನೆಲ್ ಕಾಯಿಸೋದು ಯಾಕೆ?

ಅಂದಹಾಗೆ, ನಿಮ್ಮ ಲೇಖನದ ಫೋಟೋದಲ್ಲಿರುವ ಕನ್ಸೋಲ್‌ನ ಪವರ್ ಸಪ್ಲೈ ಬೇರೆ ಕೋಣೆಯಲ್ಲಿದೆ ಅಲ್ವಾ? ಕರೆಂಟ್ ಹೋದಾಗ ಏನು ಮಾಡುತ್ತಾರೆ ಅಂತಲೂ ಬರೆಯಬೇಕಿತ್ತು.