ಮೊದಲ ಗುಂಡು ಬಿದ್ದದ್ದು ತಮಿಳರೊಬ್ಬರ ಮೇಲೆ

ಮೇ ತಿಂಗಳು ಬಂತು ಅಂದ್ರೆ ಶ್ರೀಲಂಕಾದಲ್ಲಿ ತಮಿಳರಿಗೆ ಪ್ರತ್ಯೇಕ ದೇಶ ಬೇಕು ಅಂತ ಬಂದೂಕು ಹಿಡಿದ ತಮಿಳು ಹುಲಿಗಳ (ಎಲ್‌ಟಿಟಿಇ) ನಾಯಕ ಪ್ರಭಾಕರನ್ ಫೋಟೋಗಳು ಫೇಸ್‌ಬುಕ್‌ನಲ್ಲಿ ಓಡಾಡಲು ಶುರುವಾಗುತ್ತವೆ. ಹುಲಿಪಟ್ಟೆಯ ಸಮವಸ್ತ್ರ, ದಪ್ಪ ಮೀಸೆ, ಸೊಂಟದಲ್ಲಿ ಪಿಸ್ತೂಲು. ಕೆಲವರು ಕೈ ಮುಗಿಯುತ್ತಾರೆ, ಕೆಲವರು ಬೈದು ಮುಂದೆ ಹೋಗುತ್ತಾರೆ. ನನಗೆ ಮಾತ್ರ ಆ ಮುಖ ನೋಡಿದಾಗಲೆಲ್ಲ ನೆನಪಾಗುವುದು ಆಲ್ಫ್ರೆಡ್ ದುರೈಯಪ್ಪ. ಉತ್ತರ ಲಂಕಾದ ಜಾಫ್ನಾ ನಗರದ ಮೇಯರ್. 1975ರ ಜುಲೈ 27ರಂದು ಪೊನ್ನಾಲೈಯ ವರದರಾಜ ಪೆರುಮಾಳ್ ದೇವಸ್ಥಾನಕ್ಕೆ ಬಂದಿದ್ದರು. ಬಾಗಿಲಲ್ಲೇ ಗುಂಡು ಹೊಡೆದರು. ಹೊಡೆದವರ ಮುಂದಾಳು ಪ್ರಭಾಕರನ್. ಆಗ ಅವನಿಗೆ ಇಪ್ಪತ್ತು ವರ್ಷ. ಸತ್ತವರು ತಮಿಳರು.

ತಮಿಳರ ಸಿಟ್ಟಿಗೆ ಕಾರಣ ಇರಲಿಲ್ಲವೇ? ಖಂಡಿತ ಇತ್ತು. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆ ಅಂತ ಕಾನೂನು ಬಂತು. ಎಪ್ಪತ್ತರ ದಶಕದಲ್ಲಿ ವಿಶ್ವವಿದ್ಯಾಲಯ ಸೇರಲು ತಮಿಳು ಮಕ್ಕಳು ಜಾಸ್ತಿ ಅಂಕ ತರಬೇಕಾಯಿತು. 1981ರಲ್ಲಿ ಜಾಫ್ನಾದ ಗ್ರಂಥಾಲಯಕ್ಕೆ ಬೆಂಕಿ ಇಟ್ಟರು. ಸುಮಾರು 97,000 ಪುಸ್ತಕ, ತಾಳೆಗರಿಗಳ ಸಮೇತ ಬೂದಿಯಾಯಿತು. ಸ್ವಂತ ಭಾಷೆಯ ಮೇಲೆ ಪ್ರೀತಿ ಇರುವ ಯಾರಿಗೇ ಆದರೂ ಇದನ್ನು ಓದಿದರೆ ಹೊಟ್ಟೆ ಉರಿಯುತ್ತದೆ. 1983ರ ಜುಲೈನಲ್ಲಿ ಹುಲಿಗಳು ಹದಿಮೂರು ಸೈನಿಕರನ್ನು ಕೊಂದರು. ಅದರ ಬೆನ್ನಿಗೇ ಕೊಲಂಬೊದಲ್ಲಿ ತಮಿಳರನ್ನು ಹುಡುಕಿ ಹುಡುಕಿ ಕೊಂದ ದಿನಗಳು ಬಂದವು. ಅಲ್ಲಿಂದ ಹುಡುಗರು ಗುಂಪುಗುಂಪಾಗಿ ಬಂದೂಕು ಹಿಡಿಯಲು ಹೋದರು. ಅವರನ್ನು ನಾನು ಬೈಯಲಾರೆ.

ಆದರೆ ಆ ಸಿಟ್ಟನ್ನೆಲ್ಲ ಈ ಮನುಷ್ಯ ಏನು ಮಾಡಿದ? ತಮಿಳರ ಪರವಾಗಿ ತನ್ನ ಬಾಯಿ ಬಿಟ್ಟು ಇನ್ನೊಂದು ಬಾಯಿ ಇರಬಾರದು ಅಂತ ತೀರ್ಮಾನ ಮಾಡಿದ. 1986ರಲ್ಲಿ ಟೆಲೋ ಸಂಘಟನೆಯ ಹುಡುಗರನ್ನು ನೂರಾರು ಸಂಖ್ಯೆಯಲ್ಲಿ ಮುಗಿಸಿದರು. ಅವರೂ ಅದೇ ಈಳಂ, ಅಂದರೆ ತಮಿಳರ ಪ್ರತ್ಯೇಕ ದೇಶ, ಕೇಳುತ್ತಿದ್ದವರು. 1989ರಲ್ಲಿ ಹಿರಿಯ ತಮಿಳು ರಾಜಕಾರಣಿ ಅಮೃತಲಿಂಗಂ ಅವರನ್ನು ಕೊಲಂಬೊದ ಮನೆಯಲ್ಲೇ ಕೊಂದರು. ಕೊಂದವರು ಮಾತಾಡಬೇಕು ಅಂತ ಒಳಗೆ ಬಂದವರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಜನಿ ತಿರಣಗಮ ಸತ್ತರು. ಜಾಫ್ನಾ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ಹೇಳಿಕೊಡುತ್ತಿದ್ದ ಡಾಕ್ಟರ್. ಒಂದು ಕಾಲಕ್ಕೆ ಹುಲಿಗಳ ಜೊತೆಗೇ ಇದ್ದವರು. ಆಮೇಲೆ ಹುಲಿಗಳು, ಲಂಕಾ ಸೇನೆ, ಭಾರತದ ಶಾಂತಿಪಾಲನಾ ಪಡೆ, ಯಾರು ಮಾಡಿದ ಹಿಂಸೆಯಾದರೂ ಸರಿ, ಮುಲಾಜಿಲ್ಲದೆ ಬರೆದಿಡಲು ಶುರು ಮಾಡಿದರು. ಸೈಕಲ್‌ನಲ್ಲಿ ಮನೆಗೆ ಹೋಗುತ್ತಿದ್ದಾಗ ಗುಂಡು ಹೊಡೆದರು. ವಯಸ್ಸು 35. ಇದು ಹುಲಿಗಳದೇ ಕೆಲಸ ಅಂತ ಅವರ ಮನೆಯವರು, ಜೊತೆಗಾರರು ಇಂದಿಗೂ ಹೇಳುತ್ತಾರೆ. ಮರುವರ್ಷ ಜಾಫ್ನಾದ ಮುಸ್ಲಿಮರಿಗೆ ಊರು ಬಿಡಲು ಎರಡು ಗಂಟೆ ಕೊಟ್ಟರು. ಅವರ ಮನೆಮಾತೂ ತಮಿಳೇ ಅಲ್ವಾ?

ಹುಲಿಗಳು ಮಾಡಿದ ರಾಜೀವ್ ಗಾಂಧಿ ಹತ್ಯೆ ನಮಗೆಲ್ಲ ಗೊತ್ತು. ನನಗೆ ಜಾಸ್ತಿ ನೆನಪಿರುವುದು 1991ರ ಆಗಸ್ಟ್, ನಮ್ಮ ಬೆಂಗಳೂರಿನ ಕೋಣನಕುಂಟೆ. ನಾನಿನ್ನೂ ಶಾಲೆಯಲ್ಲಿದ್ದೆ. ಆ ಹತ್ಯೆಗೆ ಪೊಲೀಸರು ಹುಡುಕುತ್ತಿದ್ದ ಶಿವರಾಸನ್, ಶುಭಾ ಸೇರಿ ಏಳು ಜನ ಒಂದು ಮನೆಯೊಳಗೆ ಸತ್ತಿದ್ದರು. ಶಿವರಾಸನ್ ಗುಂಡು ಹಾರಿಸಿಕೊಂಡಿದ್ದ, ಉಳಿದವರು ಸಯನೈಡ್ ಕಚ್ಚಿದ್ದರು. ಆ ಸಯನೈಡ್ ಏನು ಅಂತ ದೊಡ್ಡವನಾದ ಮೇಲೆ ಓದಿಕೊಂಡೆ. ಕತ್ತಿನಲ್ಲಿ ಒಂದು ದಾರ, ಅದರ ತುದಿಗೆ ಬೆರಳಿಗಿಂತ ಸಣ್ಣ ಗಾಜಿನ ಕೊಳವೆ. ಕಚ್ಚಿದರೆ ಗಾಜು ಬಾಯಿ ಕೊಯ್ಯಬೇಕು, ವಿಷ ನೇರ ರಕ್ತ ಸೇರಬೇಕು. ಇಷ್ಟು ಲೆಕ್ಕ ಹಾಕಿ ಹುಡುಗ ಹುಡುಗಿಯರ ಕೊರಳಿಗೆ ತಾಳಿಯ ಹಾಗೆ ಕಟ್ಟಿ ಕಳಿಸುತ್ತಿದ್ದರು. ಅದನ್ನು ಓದಿದ ದಿನದಿಂದ ಪ್ರಭಾಕರನ್‌ನನ್ನು ವೀರ ಅಂತ ಕರೆಯಲು ನನಗೆ ನಾಲಿಗೆ ಬರುವುದಿಲ್ಲ.

2009ರಲ್ಲಿ ಯುದ್ಧ ಮುಗಿದ ಜಾಗ ಮುಳ್ಳಿವಾಯ್ಕಾಲ್ ಬಗ್ಗೆ ಬರೆಯಲು ಕೈ ನಡುಗುತ್ತದೆ. ಕಡಲು ಮತ್ತು ನಂದಿಕಡಲ್ ಹಿನ್ನೀರಿನ ನಡುವಿನ ಮರಳುಪಟ್ಟಿ. ಅಲ್ಲಿ ಲಕ್ಷಾಂತರ ಜನ. ಸೇನೆ ಆಸ್ಪತ್ರೆಗಳ ಮೇಲೂ ಶೆಲ್ ಹಾಕಿತು. ತಪ್ಪಿಸಿಕೊಂಡು ಓಡುತ್ತಿದ್ದ ತಮ್ಮದೇ ಜನರಿಗೆ ಹುಲಿಗಳು ಗುಂಡು ಹೊಡೆದರು. ವಿಶ್ವಸಂಸ್ಥೆಯ ತಜ್ಞರ ಸಮಿತಿ ಎರಡನ್ನೂ ದಾಖಲಿಸಿದೆ. ಸತ್ತ ಸಾಮಾನ್ಯ ಜನರ ಸಂಖ್ಯೆ 40,000ದವರೆಗೆ ಇರಬಹುದು ಅಂತಲೂ ಹೇಳಿದೆ. ಮೇ 19ರಂದು ಪ್ರಭಾಕರನ್ ಹೆಣ ಟಿವಿಯಲ್ಲಿ ಬಂತು.

ಆಮೇಲೆ ಅವನ ಕಿರಿಮಗ ಬಾಲಚಂದ್ರನ್ ಫೋಟೋ ಬಂತು. ಹನ್ನೆರಡು ವರ್ಷ. ಮರಳುಚೀಲಗಳ ಮರೆಯಲ್ಲಿ ಕೂತು ಏನೋ ತಿನ್ನುತ್ತಿದ್ದಾನೆ, ಹೆಗಲ ಮೇಲೆ ಒಂದು ಬಟ್ಟೆ. ಮುಂದಿನ ಫೋಟೋದಲ್ಲಿ ಎದೆಯಲ್ಲಿ ಗುಂಡಿನ ತೂತು. ಅಪ್ಪ ಏನೇ ಮಾಡಿರಲಿ, ಆ ಮಗುವನ್ನು ಕೊಂದವರಿಗೆ ಶಿಕ್ಷೆ ಆಗಬೇಕಿತ್ತು. ಅದರ ಕೆಳಗೆ ‘ಒಳ್ಳೆಯದಾಯ್ತು’ ಅಂತ ಬರೆಯುವವರನ್ನು ನಾನು ಸ್ನೇಹಿತರ ಪಟ್ಟಿಯಿಂದ ತೆಗೆದಿದ್ದೇನೆ. ಮುಂದೆಯೂ ತೆಗೆಯುತ್ತೇನೆ.

ಉತ್ತರ ಲಂಕಾದ ಕಿಳಿನೊಚ್ಚಿಯಲ್ಲಿ 2017ರ ಫೆಬ್ರವರಿಯಲ್ಲಿ ಕೆಲವು ತಾಯಂದಿರು ರಸ್ತೆ ಬದಿ ಧರಣಿ ಕೂತರು, ಕಾಣೆಯಾದ ಮಕ್ಕಳ ಫೋಟೋ ಹಿಡಿದುಕೊಂಡು. ಸೇನೆಗೆ ಶರಣಾದ ಮಗ ಎಲ್ಲಿ, ಮಗಳು ಎಲ್ಲಿ ಅನ್ನುವುದೊಂದೇ ಪ್ರಶ್ನೆ. ವರ್ಷಗಳು ಕಳೆದರೂ ಕೇಳುತ್ತಲೇ ಇದ್ದಾರೆ. ಇಂಥವರ ಪರವಾಗಿ ಸರ್ಕಾರದ ಎದುರು ಕೂತು ಕಾನೂನು ಮಾತಾಡಬಲ್ಲ ಒಬ್ಬ ತಮಿಳು ವಕೀಲರು ಹಿಂದೆ ಇದ್ದರು, ನೀಲನ್ ತಿರುಚೆಲ್ವಂ. ತಮಿಳರಿಗೆ ಅಧಿಕಾರ ಹಂಚುವ ಸಂವಿಧಾನದ ಕರಡಿಗಾಗಿ ದುಡಿಯುತ್ತಿದ್ದವರು. 1999ರ ಜುಲೈ 29ರ ಬೆಳಿಗ್ಗೆ ಕೊಲಂಬೊದಲ್ಲಿ ಕಚೇರಿಗೆ ಹೊರಟಿದ್ದರು. ಹುಲಿಗಳ ಆತ್ಮಾಹುತಿ ಬಾಂಬರ್ ಅವರ ಕಾರಿನ ಪಕ್ಕ ಬಂದು ಸ್ಫೋಟಿಸಿಕೊಂಡ.