ಎಚ್‌ಪಿವಿ ಪಾಸಿಟಿವ್ ಬಂದ ಮಾತ್ರಕ್ಕೆ

ಎಚ್‌ಪಿವಿ ಅನ್ನುವುದು ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರಿಗೆ ಕಾರಣವಾಗಬಲ್ಲ ವೈರಸ್. ಅದರ ಟೆಸ್ಟ್ ಪಾಸಿಟಿವ್ ಬಂತು ಅಂದರೆ ಕ್ಯಾನ್ಸರ್ ಬಂತು ಅಂತಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆ ರಿಪೋರ್ಟ್ ಕೈಗೆ ಸಿಕ್ಕ ಮೇಲೆ ಬೇರೆ ಯಾವ ಮಾತೂ ಕಿವಿಗೆ ಬೀಳುವುದಿಲ್ಲ.

ನಾನು ಸ್ತ್ರೀರೋಗ ವಿಭಾಗದಲ್ಲಿ ನರ್ಸ್. ರಿಪೋರ್ಟನ್ನು ಚಿಕ್ಕದಾಗಿ ಮಡಚಿ ಪರ್ಸಿನ ಒಳಗಿನ ಜಿಪ್ಪಿನಲ್ಲಿ ಇಟ್ಟುಕೊಂಡು ಬರುತ್ತಾರೆ. ಮೊದಲ ಪ್ರಶ್ನೆ, "ಸಿಸ್ಟರ್, ನಾನು ಉಳೀತೀನಾ?" ಎರಡನೆಯದು ಇನ್ನೂ ಮೆಲ್ಲಗೆ, "ನಮ್ಮನೆಯವರಿಂದ ಬಂತಾ ಇದು?"

ಎರಡನೆಯದಕ್ಕೇ ಮೊದಲು ಉತ್ತರ ಹೇಳುತ್ತೇನೆ. ಇದು ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್, ನಿಜ. ಆದರೆ ಗಂಡಸಿರಲಿ ಹೆಂಗಸಿರಲಿ, ಸಂಸಾರ ಮಾಡುವ ಹೆಚ್ಚಿನವರಿಗೆ ಬದುಕಿನಲ್ಲಿ ಒಮ್ಮೆಯಾದರೂ ತಗುಲಿಯೇ ಇರುತ್ತದೆ. ಯಾವ ಲಕ್ಷಣವೂ ಇಲ್ಲದೆ ವರ್ಷಗಟ್ಟಲೆ ಸುಮ್ನೆ ಇರಬಹುದು. ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ಲ್ಯಾಬೂ ಹೇಳಲಾರದು. ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ ಪಾಸಿಟಿವ್ ಬಂದರೂ ಅದು ಯಾರ ತಪ್ಪಿಗೂ ಸಾಕ್ಷಿಯಲ್ಲ. ಈ ಒಂದು ಕಾಗದ ಹಿಡಿದು ಹೆಂಡತಿಯ ನಡತೆ ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಇನ್ನು ಜೀವ ಉಳಿಯುವ ಮಾತು. ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಗರ್ಭಕಂಠದ ಕ್ಯಾನ್ಸರಿನಲ್ಲಿ ಸುಮಾರು ಶೇ. 70ರಷ್ಟು 16 ಮತ್ತು 18 ಅನ್ನುವ ಎರಡೇ ಬಗೆಯಿಂದ ಬರುತ್ತವೆ. ಸೋಂಕು ತಗುಲಿದ ಹತ್ತರಲ್ಲಿ ಒಂಬತ್ತು ಜನರಿಗೆ ಎರಡು ವರ್ಷದೊಳಗೆ ಅದು ತಾನಾಗಿಯೇ ಹೋಗುತ್ತದೆ. ಹೋಗದೆ ಉಳಿದರೂ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಎಚ್‌ಐವಿ ಇದ್ದವರಲ್ಲಿ ಮಾತ್ರ ಇಷ್ಟು ಸಮಯ ಸಿಗುವುದಿಲ್ಲ.

ಇಷ್ಟು ವರ್ಷ ಕಾಲಾವಕಾಶ ಕೊಡುವ ಕಾಯಿಲೆಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 80 ಸಾವಿರ ಹೆಂಗಸರು ಸಾಯುತ್ತಿದ್ದಾರಲ್ಲ, ನನ್ನ ಸಂಕಟ ಅದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ಈ ಕ್ಯಾನ್ಸರಿಗೆ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಪಾಸಿಟಿವ್ ಬಂದವಳು ನಿದ್ದೆಗೆಟ್ಟು ಕೂರುತ್ತಾಳೆ. ಟೆಸ್ಟನ್ನೇ ಮಾಡಿಸದವಳು ಅಪಾಯದಲ್ಲಿದ್ದರೂ ಅವಳಿಗೆ ಅದು ಗೊತ್ತೇ ಆಗುವುದಿಲ್ಲ.

ಸರ್ಕಾರಿ ಆಸ್ಪತ್ರೆಗಳಲ್ಲಿ ಮಾಡುವ ಒಂದು ಪರೀಕ್ಷೆ ಎಷ್ಟು ಸರಳ ಗೊತ್ತಾ? ಹತ್ತಿಯನ್ನು ತೆಳು ಅಸಿಟಿಕ್ ಆಸಿಡ್‌ನಲ್ಲಿ, ಅಂದರೆ ವಿನೆಗರ್‌ನಂಥದ್ದರಲ್ಲಿ, ಅದ್ದಿ ಗರ್ಭಕೋಶದ ಬಾಯಿಗೆ ಹಚ್ಚುತ್ತೇವೆ. ಒಂದು ನಿಮಿಷ ಕಾಯುತ್ತೇವೆ. ಜೀವಕೋಶಗಳು ಕೆಡಲು ಶುರುವಾಗಿದ್ದರೆ ಅಲ್ಲಿ ಬೆಳ್ಳಗಿನ ಮಚ್ಚೆ ಏಳುತ್ತದೆ. ಸ್ವಲ್ಪ ಚುರುಗುಟ್ಟಬಹುದು, ಅಷ್ಟೇ. ಮಚ್ಚೆ ಕ್ಯಾನ್ಸರಿನ ಹಿಂದಿನ ಹಂತದ್ದಾದರೆ ಆ ಜಾಗಕ್ಕಷ್ಟೇ ಚಿಕಿತ್ಸೆ. ಹೆಚ್ಚಿನವರು ಅವತ್ತೇ ಮನೆಗೆ ಹೋಗುತ್ತಾರೆ.

ಎಚ್‌ಪಿವಿ ಟೆಸ್ಟ್ ಇದಕ್ಕಿಂತ ಒಳ್ಳೆಯದು. ನಮ್ಮ ಬೀದರ್, ಕಲಬುರಗಿಯ ಗಡಿಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ್) ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ಒಂದು ಅಧ್ಯಯನ ನಡೆಯಿತು. ಫಲಿತಾಂಶ 2009ರಲ್ಲಿ ಬಂತು. ಒಂದೇ ಒಂದು ಸಲ ಎಚ್‌ಪಿವಿ ಟೆಸ್ಟ್ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಹೊಲದ ಕೆಲಸ ಮಾಡುವ ಹಳ್ಳಿಯ ಹೆಂಗಸರಿಗೆ ಸಾಧ್ಯವಾದದ್ದು ನಮಗೆ ಆಗಲ್ವಾ?

ಹೆದರಿಕೆಯಲ್ಲಿ "ಗರ್ಭಕೋಶನೇ ತೆಗೆದುಬಿಡಿ" ಅನ್ನುವವರೂ ಇದ್ದಾರೆ. ಪಾಸಿಟಿವ್ ಅನ್ನುವ ಒಂದೇ ಕಾರಣಕ್ಕೆ ಅದು ಖಂಡಿತ ಬೇಡ. ಯಾರಾದರೂ ಅವಸರ ಮಾಡಿದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ.

ಮನೆಯಲ್ಲಿ 9ರಿಂದ 14ರ ಹೆಣ್ಣುಮಕ್ಕಳಿದ್ದರೆ ಲಸಿಕೆ ಹಾಕಿಸಿ. ನಮ್ಮ ದೇಶದ್ದೇ ಸರ್ವಾವ್ಯಾಕ್ 2023ರಿಂದ ಸಿಗುತ್ತಿದೆ. ಈಗಾಗಲೇ ಇರುವ ಸೋಂಕನ್ನು ಲಸಿಕೆ ತೆಗೆಯುವುದಿಲ್ಲ. ಲಸಿಕೆ ಹಾಕಿಸಿಕೊಂಡವರೂ ಮೂವತ್ತು ದಾಟಿದ ಮೇಲೆ ಪರೀಕ್ಷೆ ಬಿಡುವ ಹಾಗಿಲ್ಲ.

ಪಾಸಿಟಿವ್ ಬಂದವರು ಡಾಕ್ಟರ್ ಹೇಳಿದ ಮುಂದಿನ ತಪಾಸಣೆಗೆ ತಪ್ಪದೆ ಹೋಗಿ. ಗಂಡ ಹೆಂಡಿರು ಸೇರಿದ ಮೇಲೆ ರಕ್ತ ಕಂಡರೆ, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಹೋದರೆ, ಬಿಳಿಮುಟ್ಟು ಕೆಟ್ಟ ವಾಸನೆ ಬರುತ್ತಿದ್ದರೆ ಆ ತಾರೀಕಿಗೂ ಕಾಯಬೇಡಿ. ಅದೇ ವಾರ ತೋರಿಸಿಕೊಳ್ಳಿ.