ಸ್ಟಾರ್ ಎಷ್ಟು, ಸ್ಕ್ರೂ ಎಲ್ಲಿ?

ಕಲಬುರಗಿಯ ಬಿಸಿಲಿಗೆ ಸರ್ಕಾರವೇ ಸೋತಿದೆ. ಏಪ್ರಿಲ್, ಮೇ ಬಂತೆಂದರೆ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಆಮೇಲೆ ಊರಿಗೆ ಊರೇ ಕೂಲರ್ ಮುಂದೆ.

ಕೂಲರ್ ಅಂದರೆ ಕಿಟಕಿಗೆ ಆನಿಸಿಟ್ಟ ತಗಡಿನ ಡಬ್ಬಿ. ಒಳಗೊಂದು ಫ್ಯಾನು, ನೀರೆತ್ತುವ ಪುಟ್ಟ ಪಂಪು, ಮೂರು ಕಡೆ ಹುಲ್ಲಿನ ಪ್ಯಾಡು. ಇದನ್ನು ಪರಿಸರಸ್ನೇಹಿ ಅಂತ ಯಾರೂ ಹೊಗಳುವುದಿಲ್ಲ. ಆದರೆ ಹುಲ್ಲು ಕೊಳೆತರೆ ಹುಲ್ಲಷ್ಟೇ ಬದಲು, ಪಂಪು ಸುಟ್ಟರೆ ಪಂಪಷ್ಟೇ. ತಳ ಸೋರಿದರೆ ಎಂಸೀಲ್ ಮೆತ್ತಿದರಾಯಿತು. ಒಂದೂವರೆ ಟನ್ನಿನ ಏಸಿ 1,500 ವ್ಯಾಟ್ ಆಸುಪಾಸು ಎಳೆದರೆ ಇದಕ್ಕೆ 200 ಸಾಕು. ನಮ್ಮ ಗಾಳಿ ಒಣಗಿದ್ದು, ನೀರು ಬೇಗ ಆವಿಯಾಗಿ ತಂಪು ಕೊಡುತ್ತದೆ. ಮಂಗಳೂರಿನಲ್ಲಿಟ್ಟರೆ ಮೈ ಇನ್ನಷ್ಟು ಅಂಟಂಟು.

ಫ್ಯಾನಿನ ವಿಷಯ ಇಷ್ಟು ಸಲೀಸಲ್ಲ. ಕರೆಂಟು ಎಷ್ಟು ಉಳಿಸುತ್ತದೆ ಅಂತ ಹೇಳುವ ಸ್ಟಾರ್ ಗುರುತು 2023ರಿಂದ ಸೀಲಿಂಗ್ ಫ್ಯಾನಿಗೂ ಕಡ್ಡಾಯವಾಗಿದೆ. ಹಳೇ ಫ್ಯಾನು ಸುಮಾರು 75 ವ್ಯಾಟ್ ತಿಂದರೆ ಬಿಎಲ್‌ಡಿಸಿ, ಅಂದರೆ ಬ್ರಷ್ ಇಲ್ಲದ ಡಿಸಿ ಮೋಟರಿನ ಹೊಸ ಫ್ಯಾನಿಗೆ 30 ಸಾಕು. ಆದರೆ ಹಳೆಯದು ನಿಧಾನವಾದರೆ ಓಣಿಯ ಎಲೆಕ್ಟ್ರಿಷಿಯನ್ ಏಣಿ ಹಾಕಿ, ಕಂಡೆನ್ಸರ್ ಬದಲಿಸಿ, ಚಹಾ ಆರುವುದರೊಳಗೆ ಇಳಿದುಬಿಡುತ್ತಾನೆ. ಹೊಸದರಲ್ಲಿ ಇರುವುದು ಸರ್ಕ್ಯೂಟ್ ಬೋರ್ಡು. ಅದು ಹೋದರೆ ಆ ಮೋಟರಿಗೆ ಹೊಂದುವ ಬೋರ್ಡೇ ಬೇಕು. ಸಿಗದಿದ್ದರೆ ರೆಕ್ಕೆ, ಮೋಟರ್ ಎಲ್ಲ ಗಟ್ಟಿಮುಟ್ಟಾಗಿದ್ದರೂ ಫ್ಯಾನು ಗುಜರಿಗೆ. ಕರೆಂಟು ಉಳಿಸಿ ಕಸ ಹೆಚ್ಚಿಸುವ ವ್ಯಾಪಾರ ಯಾರಿಗೆ ಬೇಕು?

ನಮ್ಮೂರ ಸೂಪರ್ ಮಾರ್ಕೆಟ್ ಪ್ರದೇಶದ ಫ್ಯಾನಿನ ಅಂಗಡಿಯೊಂದರಲ್ಲಿ ಇದನ್ನೇ ಕೇಳಿದೆ. ಬೋರ್ಡು ಹೋದರೆ ಇಲ್ಲೇ ಸಿಗುತ್ತಾ?

"ಇನ್ನಾ ಖರೀದೇ ಆಗಿಲ್ರೀ ಸರ್, ಈಗೇ ಖರಾಬ್ ಆಗೋ ಮಾತ್ಯಾಕ?" ಎಂದರು ಅಂಗಡಿಯವರು, ಹೆಣ್ಣು ನೋಡಲು ಬಂದವನು ವಿಚ್ಛೇದನದ ಮಾತೆತ್ತಿದ ಹಾಗೆ.

ಫ್ರಾನ್ಸ್‌ನಲ್ಲಿ ಇಂಥ ಪ್ರಶ್ನೆಗೆ ಮರ್ಯಾದೆ ಇದೆ. ಅಲ್ಲಿ 2021ರಲ್ಲಿ ಫೋನು, ಲ್ಯಾಪ್‌ಟಾಪು, ಟಿವಿ, ವಾಷಿಂಗ್ ಮಷೀನಿನ ಮೇಲೆ ರಿಪೇರಿ ಎಷ್ಟು ಸುಲಭ ಅನ್ನುವುದಕ್ಕೆ ಹತ್ತಕ್ಕೆ ಅಂಕ ಹಾಕಬೇಕು ಅಂತ ನಿಯಮ ಬಂತು. ಬಿಚ್ಚುವುದು ಸುಲಭವೇ, ಬಿಡಿಭಾಗ ಸಿಗುತ್ತದೆಯೇ, ಅದರ ಬೆಲೆ ಎಷ್ಟು, ಎಲ್ಲದಕ್ಕೂ ಅಂಕ. ನಮ್ಮ ಸ್ಟಾರ್ ಹೇಳುವುದು ಕರೆಂಟಿನ ಲೆಕ್ಕ ಮಾತ್ರ. ಅಂಟು ಹಾಕಿ ಮುಚ್ಚಿದ್ದಾರೋ, ಸ್ಕ್ರೂ ಹಾಕಿದ್ದಾರೋ ನಾವೇ ತಿರುಗಿಸಿ ನೋಡಬೇಕು.

ಕೆಟ್ಟದ್ದನ್ನು ಮರುಬಳಕೆ ಮಾಡಿಸುವ ಹೊಣೆ ತಯಾರಕರದ್ದು ಅಂತ 2022ರ ಇ-ತ್ಯಾಜ್ಯ ನಿಯಮ ಇದೆ, ನಿಜ. ಆದರೆ ಮನೆ ಬಾಗಿಲಿಗೆ ಬರುವುದು ಗುಜರಿ ಗಾಡಿ ತಾನೇ? ಜಗತ್ತಿನಲ್ಲಿ 2022ರಲ್ಲಿ 6.2 ಕೋಟಿ ಟನ್ ಇ-ಕಸ ಆಯಿತು. ಸರಿಯಾದ ಮರುಬಳಕೆಗೆ ಹೋದ ಲೆಕ್ಕ ಸಿಕ್ಕಿದ್ದು ಅದರ ಕಾಲು ಭಾಗಕ್ಕೂ ಕಡಿಮೆ.

"ಮನ್ಯಾಗ ಎಲ್ಲಾ ಬದಲಿ ಮಾಡ್ರಿ, ಡಿಸ್ಕೌಂಟ್ ಕೊಡ್ತೀನಿ" ಅಂತ ಅಂಗಡಿಯವರು ಶುರು ಮಾಡಿದರು. ನಾನು ಲೆಕ್ಕ ಹಾಕಿದೆ. ನಮ್ಮ ಹಾಲ್‌ನ ಫ್ಯಾನು ದಿನಕ್ಕೆ 15 ಗಂಟೆ ತಿರುಗುತ್ತದೆ, ಬದಲಿಸಿದರೆ ತಿಂಗಳಿಗೆ 20 ಯೂನಿಟ್ ಉಳಿಯುತ್ತದೆ. ನೆಂಟರು ಬಂದಾಗಷ್ಟೇ ತಿರುಗುವ ಕೋಣೆಯ ಫ್ಯಾನು ಚೆನ್ನಾಗಿಯೇ ಇದೆ, ಅದನ್ನು ಸುಮ್ನೆ ಯಾಕೆ ಇಳಿಸಬೇಕು? ವಾರಂಟಿ ಮೋಟರಿಗಷ್ಟೇ ಅಲ್ಲ, ಬೋರ್ಡಿಗೂ ಇದೆ ಅಂತ ಬಿಲ್ಲಿನಲ್ಲಿ ಬರೆಸಿಕೊಂಡು ಒಂದೇ ಫ್ಯಾನು ತಂದೆ.